ಮಲೆನಾಡಿನಲ್ಲಿ ಆಫ್‌ರೋಡ್ ಕ್ಲಬ್ ಕಟ್ಟುವುದು ಹೇಗೆ? ತೋಟದ ಗೇಟಿನಿಂದ ನೋಂದಣಿ ಕಚೇರಿವರೆಗೆ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಜೀಪು ಶೋಕಿಗೆ ಬಂದ ಗಾಡಿಯಲ್ಲ. ಗೊಬ್ಬರದ ಮೂಟೆಯಿಂದ ಹಿಡಿದು ಹೆರಿಗೆ ನೋವಿನ ಹೆಂಗಸಿನವರೆಗೆ ತೋಟದಿಂದ ಪೇಟೆಗೆ ಎಲ್ಲವೂ ಅದರಲ್ಲೇ ಸಾಗಿದ್ದು. ಮಹೀಂದ್ರಾದ ಹಳೇ ಎಂಎಂ 540, ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿ, 1985ರಲ್ಲಿ ಬಂದ ಜಿಪ್ಸಿ, ಇವೆಲ್ಲ ಇವತ್ತಿಗೂ ತೋಟಗಳಲ್ಲಿ ದುಡಿಯುತ್ತಿವೆ. 2010ರಲ್ಲಿ ಥಾರ್ ಬಂತು. 2020ರ ಅಕ್ಟೋಬರ್‌ನಲ್ಲಿ ಅದು ಹೊಸ ರೂಪದಲ್ಲಿ ಬಂದ ಮೇಲೆ ಹಾಸನ, ಚಿಕ್ಕಮಗಳೂರು, ಮಂಗಳೂರಿನ ಸಾಮಾನ್ಯ ಮನೆಗಳ ಮುಂದೂ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ನಿಂತಿತು. 2023ರಲ್ಲಿ ಜಿಮ್ನಿಯೂ ಸೇರಿಕೊಂಡಿತು. ಹಾಗಾಗಿ ಈಗ ಒಂದೇ ಊರಲ್ಲಿ ಎರಡು ಬಗೆಯ ಮಾಲೀಕರಿದ್ದಾರೆ: ಕೆಸರಿನಲ್ಲೇ ಹುಟ್ಟಿ ಬೆಳೆದರೂ ವಿಂಚ್ (ಹೂತ ಗಾಡಿ ಎಳೆಯುವ ಮೋಟಾರು ರಾಟೆ) ಮುಟ್ಟಿರದವರು, ವಿಂಚ್ ಕೊಂಡಿದ್ದರೂ ಕೆಸರು ಮುಟ್ಟಿರದವರು. ಇಬ್ಬರೂ ಒಂದೇ ಜಮಖಾನದ ಮೇಲೆ ಕೂತರೆ ಒಳ್ಳೆಯ ಕ್ಲಬ್ಬಾಗುತ್ತದೆ.

ಕ್ಲಬ್ ಅಂದ ಕೂಡಲೇ ಲೋಗೊ, ಟೀ ಶರ್ಟ್, ಸ್ಟಿಕ್ಕರ್ ಮಾತು ಬರುತ್ತದೆ. ಅವೆಲ್ಲ ಕೊನೆಗಿರಲಿ, ಮೊದಲು ಗೇಟು. ಯಾರ ಜಾಗದಲ್ಲಿ ಓಡಿಸುತ್ತೀರಿ, ಅವರು ನಿಮ್ಮನ್ನು ಎರಡನೇ ಸಲವೂ ಒಳಗೆ ಬಿಡುತ್ತಾರೆಯೇ ಅನ್ನುವುದರ ಮೇಲೆ ಕ್ಲಬ್ಬಿನ ಆಯುಷ್ಯ ನಿಂತಿದೆ. ಕೆಳಗೆ ಬರುವ ನಿಯಮ, ನೋಂದಣಿ, ಹಗ್ಗ, ವಾಕಿಟಾಕಿ ಎಲ್ಲವೂ ಆ ಎರಡನೇ ಸಲಕ್ಕಾಗಿಯೇ.

ಹಂತ 1: ಜನ ಮತ್ತು ವ್ಯಾಪ್ತಿ

ಕಾನೂನಿನ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಯಾವ ಏಳು ಜನ ಅನ್ನುವುದನ್ನು ಮಾತ್ರ ಯೋಚಿಸಿ ಆರಿಸಿ. ಏಳೂ ಜನ ಚೆನ್ನಾಗಿ ಗಾಡಿ ಓಡಿಸುವವರೇ ಆದರೆ ಕ್ಲಬ್ ನಡೆಯುವುದಿಲ್ಲ. ತೋಟದ ಮನೆಯವರು ಇಬ್ಬರಾದರೂ ಇರಲಿ, ಬೆಳೆಗಾರರ ಹತ್ತಿರ ಮಾತಾಡಲು ಅವರೇ ಬೇಕು. ಲೆಕ್ಕ ಬರೆಯುವ ತಾಳ್ಮೆ ಇರುವವರು ಒಬ್ಬರು, ಪ್ರಥಮ ಚಿಕಿತ್ಸೆ ಬಲ್ಲ ನರ್ಸ್ ಅಥವಾ ಡಾಕ್ಟರ್ ಒಬ್ಬರು, ಹಳೇ ಜೀಪುಗಳ ಒಳಹೊರಗು ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಇರಬೇಕು. ಮೆಕ್ಯಾನಿಕ್‌ಗೆ ಸದಸ್ಯತ್ವದ ಶುಲ್ಕ ಬೇಡ ಎಂದು ಬೇಕಾದರೆ ಬರೆದುಕೊಳ್ಳಿ, ಆದರೆ ಅವರಿಂದ ಬಿಟ್ಟಿ ಕೆಲಸ ಮಾಡಿಸಬೇಡಿ. ಡ್ರೈವ್ ದಿನ, ಅಂದರೆ ಎಲ್ಲರೂ ಒಟ್ಟಿಗೆ ಗಾಡಿ ಓಡಿಸುವ ದಿನ, ಅವರು ಬಿಚ್ಚಿ ಕಟ್ಟಿದ ಪ್ರತಿ ಗಾಡಿಗೂ ಕೂಲಿ ಕೊಡುವುದು ಮೊದಲ ದಿನದಿಂದಲೇ ರೂಢಿಯಾಗಲಿ.

ವ್ಯಾಪ್ತಿಯನ್ನು ಚಿಕ್ಕದಾಗಿಡಿ. ಇಡೀ ರಾಜ್ಯಕ್ಕೊಂದು ಕ್ಲಬ್ ಮಾಡಲು ಹೊರಟವರ ಉತ್ಸಾಹ ವಾಟ್ಸಾಪ್ ಗುಂಪಿನಲ್ಲೇ ಮುಗಿದುಹೋಗುವುದು ಹೆಚ್ಚು. ಮನೆಯಲ್ಲಿ ತಿಂಡಿ ತಿಂದು ಹೊರಟರೆ ಎರಡು ಗಂಟೆಯೊಳಗೆ ಯಾವ ಸದಸ್ಯರ ಊರಿಗಾದರೂ ಮುಟ್ಟುವಂತಿರಬೇಕು. ಮಂಗಳವಾರ ರಾತ್ರಿ ಒಬ್ಬರ ಗಾಡಿ ಚರಂಡಿಗಿಳಿದರೆ ಇನ್ನೊಬ್ಬರು ಹಗ್ಗ ಹಿಡಿದು ಹೋಗಬೇಕಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಒಂದು ಕೂಟಕ್ಕೆ ಸರಿಹೋಗುತ್ತದೆ. ಸೋಮವಾರಪೇಟೆ, ಮಡಿಕೇರಿ ಇನ್ನೊಂದಕ್ಕೆ. ಹೆಸರಿಡುವಾಗ ತಾಲೂಕಿನ ಹೆಸರೋ ಸೀಮೆಯ ಹೆಸರೋ ಸಾಕು. ಗಾಡಿ ಕಂಪನಿಯ ಹೆಸರು ಬೇಡ, ನಾಳೆ ಬೇರೆ ಗಾಡಿಯವರು ಸೇರಲು ಹಿಂಜರಿಯುತ್ತಾರೆ.

ಹಂತ 2: ಜಾಗ

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಮಲೆನಾಡಿನಲ್ಲಿ ಮಣ್ಣು ದಾರಿ ಕಂಡಲ್ಲೆಲ್ಲ ಗಾಡಿ ಇಳಿಸುವಂತಿಲ್ಲ, ಯಾಕೆಂದರೆ ಪ್ರತಿ ದಾರಿಗೂ ಒಬ್ಬ ಒಡೆಯ ಇದ್ದಾನೆ: ಬೆಳೆಗಾರ, ಪಂಚಾಯಿತಿ, ಕಂದಾಯ ಇಲಾಖೆ ಅಥವಾ ಅರಣ್ಯ ಇಲಾಖೆ.

ಅರಣ್ಯದ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಬೇಡ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ 1963 ಅನ್ವಯಿಸುತ್ತದೆ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. ಅನುಮತಿ ಇಲ್ಲದೆ ಒಳಹೊಕ್ಕರೆ ಅಪರಾಧ, ಗಾಡಿ ಜಪ್ತಿಯಾದರೆ ಬಿಡಿಸಿಕೊಳ್ಳಲು ಕೋರ್ಟು ಅಲೆಯಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶ, ಪುಷ್ಪಗಿರಿ ಅಭಯಾರಣ್ಯ ಮೂರೂ ನಮ್ಮ ಸೀಮೆಯಲ್ಲೇ ಇವೆ, ಅವುಗಳ ಅಂಚು ಎಲ್ಲಿ ಶುರುವಾಗುತ್ತದೆ ಎಂದು ದಾರಿ ಮೇಲೆ ಗೆರೆ ಎಳೆದಿರುವುದಿಲ್ಲ. ಕಾನೂನನ್ನು ಬದಿಗಿಟ್ಟು ನೋಡಿದರೂ ಶೋಲಾ ಹುಲ್ಲುಗಾವಲಿನ ಮೇಲೆ ಗಾಡಿ ಹತ್ತಿಸುವುದು ನನ್ನ ಮನಸ್ಸಿಗೆ ಒಪ್ಪದ ಕೆಲಸ. ಒಂದು ಚಕ್ರದ ಗುರುತು ಮುಂದಿನ ಮಳೆಯಲ್ಲಿ ನೀರಿನ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಯಲ್ಲಿ ಕೊರಕಲಾಗುತ್ತದೆ. ಮುಗಿಲು ಮುಟ್ಟುವ ಗುಡ್ಡದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದ ಫೋಟೊಕ್ಕಾಗಿ ಆ ಬೆಲೆ ತೆರಬೇಕಾಗಿಲ್ಲ.

ಅಂಚು ತಿಳಿಯಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಬಳಸಿ. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಆ ನಂಬರ್ ಹಿಡಿದು ಪಹಣಿ ತೆಗೆಸಿದರೆ ಜಾಗ ಯಾರದು, ಗೋಮಾಳವೋ ಖಾಸಗಿಯೋ ಗೊತ್ತಾಗುತ್ತದೆ. ಸಿ ಆ್ಯಂಡ್ ಡಿ ಭೂಮಿ, ಡೀಮ್ಡ್ ಅರಣ್ಯ ಎಂದು ತಕರಾರಿರುವ ಜಾಗಗಳನ್ನು ಪೂರ್ತಿ ಬಿಟ್ಟುಬಿಡಿ. ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆಯೇ ಇತ್ಯರ್ಥವಾಗದ ಜಾಗಕ್ಕೆ ಇಪ್ಪತ್ತು ಜೀಪು ಹೋದರೆ ತೊಂದರೆಯಾಗುವುದು ಅಲ್ಲಿ ಸಾಗುವಳಿ ಮಾಡಿಕೊಂಡಿರುವ ಬಡವರಿಗೆ. ಸಂಶಯವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ನಕ್ಷೆ ಸಮೇತ ಹೋಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಉಳಿಯುವುದು ಖಾಸಗಿ ತೋಟಗಳು. ಬಹುತೇಕ ಡ್ರೈವ್‌ಗಳು ನಡೆಯಬೇಕಾದದ್ದೂ ಅಲ್ಲೇ. ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ನಮ್ಮನ್ನು ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು, ಕೇಳಿದ್ದು ಒಂದೇ ಪ್ರಶ್ನೆ: "ಓಡಿಸ್ರಪ್ಪಾ, ಬೇಡ ಅನ್ನಲ್ಲ. ಸೋಮವಾರ ನನ್ನ ಟ್ರ್ಯಾಕ್ಟರು ಅದೇ ದಾರೀಲಿ ಹೋಗ್ಬೇಕು. ಹೋಗುತ್ತಾ?" ಪ್ರತಿ ಡ್ರೈವ್ ಯೋಜಿಸುವಾಗಲೂ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಳ್ಳಿ.

ಅನುಮತಿ ಬಾಯಿಮಾತಿನಲ್ಲಿ ಸಿಕ್ಕರೂ ಒಂದು ಹಾಳೆಯಲ್ಲಿ ಬರೆದುಕೊಡಿ. ಯಾವ ದಿನ, ಎಷ್ಟು ಗಾಡಿ, ಎಷ್ಟು ಹೊತ್ತಿಗೆ ಒಳಗೆ, ಎಷ್ಟು ಹೊತ್ತಿಗೆ ಹೊರಗೆ, ಯಾವ ದಾರಿ, ಗಾಡಿ ನಂಬರ್ ಮತ್ತು ಚಾಲಕರ ಹೆಸರು, ಹೊಣೆ ಹೊತ್ತವರ ಫೋನು, ಹಾನಿಯಾದರೆ ಕ್ಲಬ್ ಎಷ್ಟು ದಿನದಲ್ಲಿ ಸರಿಪಡಿಸುತ್ತದೆ, ಇಷ್ಟೂ ಅದರಲ್ಲಿರಲಿ. ಒಂದು ಪ್ರತಿ ಮಾಲೀಕರಿಗೆ, ಇನ್ನೊಂದು ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್‌ಗೆ. ರೈಟರನ್ನು ಮರೆಯಬೇಡಿ, ಡ್ರೈವ್ ದಿನ ಗೇಟಿನ ಬೀಗ ತೆಗೆಯುವವರು ಅವರು. ಹಿಂದಿನ ದಿನ ಇಬ್ಬರು ಹೋಗಿ ದಾರಿಯನ್ನು ನಡೆದುಕೊಂಡೇ ನೋಡಿ, ಮೋರಿ, ಚರಂಡಿ, ತಿರುವುಗಳ ಫೋಟೊ ತೆಗೆದಿಡಿ. ಡ್ರೈವ್ ಮುಗಿದ ಮೇಲೆ ಅದೇ ಜಾಗಗಳ ಫೋಟೊ ಮತ್ತೆ ತೆಗೆಯಿರಿ. ವ್ಯತ್ಯಾಸ ಕಂಡಲ್ಲಿ ಅವತ್ತೇ ಹಾರೆ ಗುದ್ದಲಿ ಹಿಡಿಯಿರಿ. ಸುತ್ತಿದ ಚಕ್ರ ಚರಂಡಿಯ ಬಾಯಿಗೆ ಮಣ್ಣು ತುಂಬಿದ್ದರೆ ಮಳೆ ನೀರು ದಾರಿ ಮೇಲೆ ಹರಿದು ಗಿಡದ ಬುಡ ಕೊಚ್ಚುತ್ತದೆ. ಮಾಲೀಕರಿಗೆ ನಷ್ಟವಾಗುವುದು ನಾವು ಹೋದ ವಾರ ಅಲ್ಲ, ಹೋಗಿ ತಿಂಗಳಾದ ಮೇಲೆ.

ಹೊರಗಿನವರಿಗೆ ಹೊಳೆಯದ ಇನ್ನೊಂದು ವಿಷಯವಿದೆ. ಕಾಳುಮೆಣಸಿನ ಬಳ್ಳಿಗೆ ಬರುವ ಶೀಘ್ರ ಸೊರಗು ರೋಗ ಮಣ್ಣು ಮತ್ತು ನೀರಿನ ಮೂಲಕ ಹರಡುತ್ತದೆ. ರೋಗ ಬಂದ ತೋಟದ ಕೆಸರು ಟಯರಿನ ಸಂದಿಯಲ್ಲಿ ಕೂತು ಇನ್ನೊಂದು ತೋಟಕ್ಕೆ ಇಳಿದರೆ ಆ ಬೆಳೆಗಾರರ ವರ್ಷಗಳ ದುಡಿಮೆ ಹೋಗುತ್ತದೆ. ಅದಕ್ಕೆ ಒಂದೇ ದಿನ ಎರಡು ತೋಟ ಬೇಡ. ಬರುವ ಮುಂಚೆ ಟಯರು, ಮಡ್‌ಗಾರ್ಡ್ ಒಳಭಾಗ, ಗಾಡಿಯ ಅಡಿ ಎಲ್ಲ ತೊಳೆದೇ ಬರಬೇಕು ಎಂದು ನಿಯಮ ಮಾಡಿ, ಗೇಟಿನಲ್ಲಿ ಒಬ್ಬರು ಬಗ್ಗಿ ನೋಡಲಿ. ಈ ನಿಯಮವನ್ನು ನೀವೇ ಮುಂದಾಗಿ ಹೇಳಿದಾಗ ಬೆಳೆಗಾರರ ಮುಖದಲ್ಲಿ ಆಗುವ ಬದಲಾವಣೆ ನೋಡಬೇಕು. ಅಲ್ಲಿಂದ ಮುಂದೆ ಅವರು ನಿಮ್ಮನ್ನು ಪೇಟೆಯ ಹುಡುಗರು ಎಂದು ನೋಡುವುದಿಲ್ಲ.

ಕಾಲವನ್ನೂ ತೋಟವೇ ನಿರ್ಧರಿಸಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ಲು. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ದಾರಿಯಲ್ಲಿ ಆಳುಗಳು ಓಡಾಡುತ್ತಿರುತ್ತಾರೆ. ಆಗ ಹೋಗಬೇಡಿ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಕಾದ ಸೈಲೆನ್ಸರ್ ಸಾಕು ಬೆಂಕಿ ಹೊತ್ತಲು. ಜೂನ್‌ನಿಂದ ಆಗಸ್ಟ್‌ವರೆಗೆ ಧರೆ ಕುಸಿಯುವ, ಮರ ಬೀಳುವ ಕಾಲ. ಸೆಪ್ಟೆಂಬರ್ ಕೊನೆಯಿಂದ ಕುಯ್ಲು ಶುರುವಾಗುವ ತನಕ, ಮತ್ತೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮುಗಿದು ಮುಂಗಾರು ಹಿಡಿಯುವ ಮುಂಚಿನ ಕೆಲವು ವಾರ ಒಳ್ಳೆಯ ಸಮಯ. ವರ್ಷಕ್ಕೆ ನಾಲ್ಕೈದು ಒಳ್ಳೆಯ ಡ್ರೈವ್ ಸಿಕ್ಕರೆ ಸಾಕು.

ಇನ್ನು ಮಾಂದಲಪಟ್ಟಿ, ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಸ್ಥಳೀಯ ಜೀಪಿನವರ ಜೊತೆ ಪೈಪೋಟಿಗೆ ಇಳಿಯಬೇಡಿ. ಅವರಿಗೆ ಅದು ಹೊಟ್ಟೆಪಾಡು. ಆ ದಾರಿಗಳ ಬಗ್ಗೆ ಅವರಷ್ಟು ತಿಳಿದವರೂ ಇಲ್ಲ, ಹಾಗಾಗಿ ಕಲಿಸಲು ಕರೆಯಿರಿ.

ಹಂತ 3: ಬೈಲಾ ಮತ್ತು ನೋಂದಣಿ

ಎರಡು ಮೂರು ಚಿಕ್ಕ ಡ್ರೈವ್ ಮುಗಿದ ಮೇಲೆ ನೋಂದಣಿಗೆ ಹೋಗಿ. ಅಷ್ಟರಲ್ಲಿ ಯಾರು ಸಮಯಕ್ಕೆ ಬರುತ್ತಾರೆ, ಯಾರು ಹಾರೆ ಹಿಡಿಯುತ್ತಾರೆ, ಯಾರು ಫೋಟೊಗೆ ಮಾತ್ರ ಬರುತ್ತಾರೆ ಎಂಬುದು ಗೊತ್ತಾಗಿರುತ್ತದೆ.

ನಮ್ಮಲ್ಲಿ ಇದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ ಬರುತ್ತದೆ. ಸಹಕಾರ ಇಲಾಖೆಯ ಅಡಿ ಜಿಲ್ಲೆಯಲ್ಲಿರುವ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. 18 ವರ್ಷ ದಾಟಿದ ಕನಿಷ್ಠ ಏಳು ಜನರ ಸಹಿ, ಸಂಘದ ಹೆಸರು, ವಿಳಾಸ ಮತ್ತು ಉದ್ದೇಶ ಹೇಳುವ ಜ್ಞಾಪನ ಪತ್ರ, ನಿಯಮಾವಳಿ ಅಂದರೆ ಬೈಲಾ, ಪದಾಧಿಕಾರಿಗಳ ಗುರುತಿನ ಚೀಟಿ, ಕಚೇರಿ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ, ಮೊದಲ ಸಭೆಯ ನಡಾವಳಿ ಇಷ್ಟು ಸಿದ್ಧವಿರಲಿ. ಉದ್ದೇಶಗಳಲ್ಲಿ ಸುರಕ್ಷಿತ ಚಾಲನೆಯ ತರಬೇತಿ, ಪರಿಸರ ಕಾಳಜಿ, ವಿಪತ್ತಿನ ಹೊತ್ತಿನ ನೆರವು ಸ್ಪಷ್ಟವಾಗಿ ಬರಲಿ, ಲಾಭದ ಮಾತು ಬರದಿರಲಿ. ಕಚೇರಿಗೆ ಹೋಗುವ ಮುಂಚೆ ಸ್ಥಳೀಯ ವಕೀಲರಿಗೋ ಆಡಿಟರ್‌ಗೋ ಒಮ್ಮೆ ತೋರಿಸಿದರೆ ತಿದ್ದುಪಡಿಗೆ ಅಲೆಯುವುದು ತಪ್ಪುತ್ತದೆ. ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಲೆಕ್ಕ ಆಡಿಟ್ ಮಾಡಿಸಿ, ಪದಾಧಿಕಾರಿಗಳ ಪಟ್ಟಿಯ ಜೊತೆ ಕಚೇರಿಗೆ ಸಲ್ಲಿಸಬೇಕು. ಈ ಕೆಲಸ ಎರಡು ಮೂರು ವರ್ಷ ಬಾಕಿ ಬಿದ್ದರೆ ಆಮೇಲೆ ಹಿಡಿದೆತ್ತುವುದು ಕಷ್ಟ.

ಮಾದರಿ ಬೈಲಾ ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಸೇರಿಸಬೇಕಾದ ಮೂರು ಮಾತು ಮಾತ್ರ ಹೇಳುತ್ತೇನೆ. ಒಂದು, ಡ್ರೈವ್ ದಿನ ಟ್ರೇಲ್ ಮುಖ್ಯಸ್ಥರ, ಅಂದರೆ ಅವತ್ತಿನ ದಾರಿಯ ಹೊಣೆ ಹೊತ್ತವರ, ಮಾತೇ ಕೊನೆ. ಅಧ್ಯಕ್ಷರೂ ಅದಕ್ಕೆ ತಲೆಬಾಗಬೇಕು. ಎರಡು, ಕುಡಿದು ಬಂದವರು, ಡ್ರೈವ್ ನಡುವೆ ಕುಡಿದವರು ಒಂದು ವರ್ಷ ಹೊರಗೆ, ಯಾರ ಮಗನೇ ಆಗಲಿ. ಮೂರು, ಕ್ಲಬ್ಬಿನ ಹೆಸರಲ್ಲದೆ ಸ್ವಂತವಾಗಿಯಾದರೂ ಅರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ಇಳಿಸಿದ ಸದಸ್ಯರನ್ನು ಕಿತ್ತುಹಾಕುವ ಅಧಿಕಾರ ಸಮಿತಿಗಿರಬೇಕು. ಮೂರನೆಯದಕ್ಕೆ ತಕರಾರು ಬಂದೇ ಬರುತ್ತದೆ. ಬಿಡಬೇಡಿ. ಸ್ಟಿಕ್ಕರ್ ಅಂಟಿಸಿದ ಒಂದು ಗಾಡಿ ಹುಲ್ಲುಗಾವಲಿನಲ್ಲಿ ಸಿಕ್ಕಿಬಿದ್ದರೆ ಊರಿನ ಎಲ್ಲ ಗೇಟುಗಳೂ ಎಲ್ಲರಿಗೂ ಮುಚ್ಚುತ್ತವೆ.

ಹಂತ 4: ದುಡ್ಡು

ಸಂಘದ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಜಂಟಿ ಸಹಿ. ಪ್ರವೇಶ ಶುಲ್ಕ ಕಡಿಮೆ, ವಾರ್ಷಿಕ ಶುಲ್ಕ ಸ್ವಲ್ಪ ಹೆಚ್ಚು ಇರಲಿ. ಆಗ ಉಳಿಯುವವರೇ ಉಳಿಯುತ್ತಾರೆ. ಪ್ರತಿ ಡ್ರೈವ್‌ನ ಸಂಗ್ರಹದಲ್ಲಿ ಒಂದು ಪಾಲು ದಾರಿ ದುರಸ್ತಿಗೆಂದೇ ಎತ್ತಿಡಿ. ಬಿಳಿ ಬೋರ್ಡ್ ಗಾಡಿಯಲ್ಲಿ ದುಡ್ಡು ಪಡೆದು ಹೊರಗಿನವರನ್ನು ಕೂರಿಸುವುದು ಪರ್ಮಿಟ್ ಉಲ್ಲಂಘನೆ. "ಒಂದು ಸೀಟು ಖಾಲಿ ಇದೆ, ಸಾವಿರ ಕೊಡಿ" ಎಂಬ ಸಂದೇಶ ಗುಂಪಿನಲ್ಲಿ ಕಂಡ ದಿನವೇ ತಡೆಯಿರಿ.

ಹಂತ 5: ಗಾಡಿ, ಕಾಗದ, ವಿಮೆ

ಆಲ್ಟರೇಶನ್ ಅನ್ನುವುದು ಎಲ್ಲರಿಗೂ ಪ್ರೀತಿಯ ವಿಷಯ, ಆದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಮುಂದೆ ಹಾಕುವ ಬುಲ್ ಬಾರ್‌ಗಳ ವಿರುದ್ಧ 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು. ಹಳೇ ಜೀಪುಗಳಲ್ಲಿ ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಕೂತಿರುವುದು ನಮ್ಮ ಕಡೆ ಅಪರೂಪವಲ್ಲ. ಅಂಥ ಗಾಡಿಯ ಮಾಲೀಕರಿಗೆ ಆರ್‌ಟಿಒದಲ್ಲಿ ದಾಖಲೆ ಸರಿಮಾಡಿಸಿಕೊಂಡು ಬನ್ನಿ ಎಂದು ಗೌರವದಿಂದ ಹೇಳಿ. 15 ವರ್ಷ ದಾಟಿದ ಗಾಡಿಗಳ ನೋಂದಣಿ ನವೀಕರಣವಾಗಿದೆಯೇ ಎಂದೂ ನೋಡಿ.

ವಿಮೆಯ ಪಾಲಿಸಿ ಹಾಳೆಯಲ್ಲಿ ಬಳಕೆಯ ಮಿತಿಗಳು ಎಂಬ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಸಂಘಟಿತ ರೇಸ್, ವೇಗ ಪರೀಕ್ಷೆ, ಬಾಡಿಗೆ ಬಳಕೆಗೆ ರಕ್ಷಣೆ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಡ್ರೈವ್‌ನಲ್ಲಿ ಗೇರ್‌ಬಾಕ್ಸ್ ಒಡೆದರೆ, ನೀರು ಹೊಕ್ಕು ಎಂಜಿನ್ ಹೋದರೆ ವಿಮೆ ಕೊಡುತ್ತದೆ ಎಂದು ನಂಬಿ ಯಾರೂ ಬರಬಾರದು. ಕ್ಲಬ್ಬಿನಿಂದ ಸದಸ್ಯರಿಗೆ ಗುಂಪು ಅಪಘಾತ ವಿಮೆ ಮಾಡಿಸುವುದು ಹೆಚ್ಚು ಉಪಯೋಗದ ಕೆಲಸ. ಹೊಣೆ ನಮ್ಮದಲ್ಲ ಎಂದು ಸಹಿ ಹಾಕಿಸಿಕೊಳ್ಳುವ ಕಾಗದ ಇರಲಿ, ಆದರೆ ನಿರ್ಲಕ್ಷ್ಯದಿಂದ ಪ್ರಾಣ ಹೋದರೆ ಆ ಕಾಗದ ಸಂಘಟಕರನ್ನು ಕ್ರಿಮಿನಲ್ ಕೇಸಿನಿಂದ ಕಾಪಾಡುವುದಿಲ್ಲ.

ಬೆಳಗ್ಗೆ ಗೇಟಿನಲ್ಲಿ ಗಾಡಿ ತಪಾಸಣೆ: ಮುಂದೆ ಹಿಂದೆ ಚಾಸಿಗೆ ಬೋಲ್ಟ್ ಹಾಕಿದ ಎಳೆಯುವ ಕೊಕ್ಕೆ, ಬಿಗಿಯಾಗಿ ಕಟ್ಟಿದ ಬ್ಯಾಟರಿ, ಸೀಟ್ ಬೆಲ್ಟ್, ಬ್ರೇಕು, ಕೈಗೆಟಕುವ ಬೆಂಕಿ ಆರಿಸುವ ಸಿಲಿಂಡರ್. ಕೊಕ್ಕೆ ಇಲ್ಲದ ಗಾಡಿ ಒಳಗೆ ಬರುವುದು ಬೇಡ. ಹೂತ ಮೇಲೆ ಅದನ್ನು ಎಲ್ಲಿ ಹಿಡಿದು ಎಳೆಯುತ್ತೀರಿ?

ಹಂತ 6: ಮೊದಲ ಡ್ರೈವ್

ಒಂದು ಗುಂಪಿಗೆ ಎಂಟು ಗಾಡಿ, ಹೆಚ್ಚೆಂದರೆ ಹತ್ತು. ಅದಕ್ಕಿಂತ ಹೆಚ್ಚಾದರೆ ಹಿಂದಿನವರು ಗಂಟೆಗಟ್ಟಲೆ ಕಾಯುತ್ತಾರೆ, ಕಾಯುವವರು ಬೇರೆ ದಾರಿ ಹುಡುಕುತ್ತಾರೆ, ಬೇರೆ ದಾರಿ ಅಂದರೆ ಗಿಡದ ಬುಡ. ಮುಂದೆ ದಾರಿ ಬಲ್ಲವರ ಗಾಡಿ, ಕೊನೆಗೆ ವಿಂಚ್ ಇರುವ ಗಾಡಿ. ಹಿಂದಿನ ಗಾಡಿ ಕಾಣದಿದ್ದರೆ ಮುಂದಿನವರು ನಿಲ್ಲಬೇಕು, ಈ ಒಂದು ನಿಯಮ ಸಾಕು ಯಾರೂ ದಾರಿ ತಪ್ಪದಿರಲು. ಕಣಿವೆಗಳಲ್ಲಿ ಮೊಬೈಲ್ ಸಿಗದು. 446.0 ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ ಲೈಸೆನ್ಸ್ ಬೇಡ. ಸರ್ಕಾರದ ಸಲಕರಣೆ ಅನುಮೋದನೆ ಇರುವ ಸೆಟ್ ಮಾತ್ರ ಕೊಳ್ಳಿ, ಅಗ್ಗಕ್ಕೆ ಸಿಗುವ ಬೇರೆ ತರಂಗಾಂತರದವು ಬೇಡ.

ಹೊರಡುವ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಸುತ್ತ ನಿಲ್ಲಿಸಿ ಮಾತಾಡಿ. ಹಳೇ ಜೀಪಿನವರು ಇಳಿದು, ಮುಂದಿನ ಚಕ್ರಗಳಿಗೂ ಬಲ ಹೋಗುವಂತೆ ಅವುಗಳ ಹಬ್ ಲಾಕ್ ಮಾಡಿದ್ದಾರೆಯೇ? ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಪಾರ್ಟ್ ಟೈಮ್ ಫೋರ್ ವೀಲ್ ಇರುವವರು ಟಾರ್ ರಸ್ತೆಗೆ ಮರಳುವಾಗ ಟೂ ವೀಲ್‌ಗೆ ಹಾಕುವುದು ನೆನಪಿದೆಯೇ? ಮರೆತರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಮೇಲೆ ಒತ್ತಡ ಬಿದ್ದು ಗೇರೇ ಬಿಡದು. ಟಯರಿನ ಗಾಳಿ ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇದ್ದರೆ ಕೆಸರು ಕಲ್ಲಿಗೆ 18ರಿಂದ 20ಕ್ಕೆ ಇಳಿಸಿ. ಟಯರು ಅಗಲವಾಗಿ ಕಚ್ಚಿಕೊಳ್ಳುತ್ತದೆ, ಸುತ್ತುವುದು ಕಡಿಮೆ, ದಾರಿಗೂ ಗಾಯ ಕಡಿಮೆ. ವಾಪಸ್ ತುಂಬಲು ಎರಡು ಕಂಪ್ರೆಸರ್ ಬೇಕು, ಒಂದು ಕೈಕೊಟ್ಟೇ ಕೊಡುತ್ತದೆ.

ಈಗ ಹೂತ ಗಾಡಿ ಎಳೆಯುವ ಮಾತು. ಮಲೆನಾಡಿನವರು ಇದನ್ನು ಚಿಕ್ಕಂದಿನಿಂದ ಕಂಡವರು, ಅಪಾಯ ಇರುವುದೂ ಅಲ್ಲೇ: ಟ್ರ್ಯಾಕ್ಟರ್ ಚೈನ್ ಸಿಕ್ಕಿಸಿ ಜಗ್ಗುವ ರೂಢಿ. ಚೈನು ಹಿಗ್ಗುವುದಿಲ್ಲ, ಜಗ್ಗಿದ ಏಟು ನೇರ ಕೊಕ್ಕೆಗೆ ಬೀಳುತ್ತದೆ, ಕೊಕ್ಕೆ ಕಿತ್ತುಬಂದರೆ ಗುಂಡಿನ ಹಾಗೆ ಗಾಜು ಒಡೆದು ಒಳಗೆ ಬರುತ್ತದೆ. ಓಡಿಬಂದು ಜಗ್ಗಲು ಹಿಗ್ಗುವ ಕೈನೆಟಿಕ್ ಹಗ್ಗವೇ ಬೇಕು. ಅದು ರಬ್ಬರಿನಂತೆ ಹಿಗ್ಗಿ, ಕೂಡಿಟ್ಟ ಬಲವನ್ನು ನಿಧಾನಕ್ಕೆ ಬಿಡುತ್ತದೆ. ಎರಡು ಹಗ್ಗ ಬೆಸೆಯಲು ನಡುವೆ ಕಬ್ಬಿಣದ ಶ್ಯಾಕಲ್ (ಬೋಲ್ಟ್ ಹಾಕಿ ಮುಚ್ಚುವ ಕೊಂಡಿ) ಹಾಕಬೇಡಿ. ಹಗ್ಗ ತುಂಡಾದರೆ ಅದು ಹಾರಿಬರುತ್ತದೆ. ಟ್ರೈಲರ್ ಸಿಕ್ಕಿಸಲು ಗಾಡಿಯ ಹಿಂದಿರುವ ಗುಂಡು, ಅಂದರೆ ಟ್ರೈಲರ್ ಬಾಲ್‌ಗೆ ಹಗ್ಗ ಕಟ್ಟುವುದಂತೂ ಎಂದೂ ಬೇಡ, ಎಳೆತಕ್ಕೆ ಅದು ಮುರಿದು ಹಾರಿ ಪ್ರಾಣ ಹೋದ ಘಟನೆಗಳು ನಡೆದಿವೆ. ಶ್ಯಾಕಲ್ ಮೇಲೆ 4.75 ಟನ್ ಎಂದು ಅಚ್ಚೊತ್ತಿರುವುದನ್ನೇ ತರಿಸಿ, ಅಚ್ಚಿಲ್ಲದ ಹಾರ್ಡ್‌ವೇರ್ ಅಂಗಡಿ ಮಾಲು ಬೇಡ.

ಕ್ರಮ ಹೀಗಿರಲಿ. ಮೊದಲು ಎಲ್ಲರೂ ಗಾಡಿಯಿಂದ ಇಳಿಯಿರಿ. ಒಬ್ಬರೇ ಒಬ್ಬರು ನಿರ್ದೇಶಿಸುವವರು, ಉಳಿದವರ ಸಲಹೆ ಬೇಡ. ಹಾರೆಯಿಂದ ಚಕ್ರದ ಮುಂದಿನ ಮಣ್ಣು, ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರಿನ ಉಂಡೆ) ಅಡಿಯ ಮಣ್ಣು ತೆಗೆಯಿರಿ. ಎಷ್ಟೋ ಸಲ ಹಗ್ಗವೇ ಬೇಕಾಗುವುದಿಲ್ಲ, ಐದು ನಿಮಿಷದ ಹಾರೆ ಕೆಲಸಕ್ಕೆ ಗಾಡಿ ತಾನೇ ಹೊರಗೆ ಬರುತ್ತದೆ. ಬೇಕೇಬೇಕಾದರೆ ಹಗ್ಗ ಹಾಕಿ, ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಸರಿಯಿರಿ. ಎಳೆಯುವ ನೇರದಲ್ಲಿ ಯಾರೂ ನಿಲ್ಲಬಾರದು, ಮೊಬೈಲ್ ಹಿಡಿದವರಂತೂ ನಿಲ್ಲಲೇಬಾರದು. ಹಗ್ಗದ ಮೇಲೆ ಒದ್ದೆ ಗೋಣಿಚೀಲವೋ ದಪ್ಪ ಕಂಬಳಿಯೋ ಹಾಕಿ. ಮೊದಲ ಎಳೆತ ಮೆಲ್ಲಗೆ, ಬರದಿದ್ದರೆ ಸ್ವಲ್ಪ ಜೋರು. ಮೂರನೇ ಸಲಕ್ಕೂ ಬರದಿದ್ದರೆ ನಿಲ್ಲಿಸಿ ವಿಂಚ್ ತನ್ನಿ. ವಿಂಚ್‌ನ ಸಾಮರ್ಥ್ಯ ಸರಕು, ಜನ ಸೇರಿದ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟಾದರೂ ಇರಬೇಕು. ಮರಕ್ಕೆ ಕಟ್ಟುವಾಗ ಅಗಲ ಪಟ್ಟಿಯನ್ನೇ ಬಳಸಿ. ತೋಟದ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಆ ಮರ ಬಿಟ್ಟು ಬೇರೆ ಹುಡುಕಿ.

ಹಗುರ ಗಾಡಿಗಳ ಬಗ್ಗೆ ಒಂದು ಮಾತು. ಸುಮಾರು 1200 ಕೆಜಿಯ ಜಿಮ್ನಿಯೂ ಹಳೇ ಜಿಪ್ಸಿಯೂ ಭಾರದ ಗಾಡಿ ಹೂತುಹೋಗುವಲ್ಲಿ ತೇಲಿದಂತೆ ದಾಟುತ್ತವೆ. ಅವುಗಳನ್ನು ಮೊದಲು ಕಳಿಸಿ, ಭಾರದವು ಆಮೇಲೆ. ಮೊದಲೇ ಭಾರದ ಗಾಡಿ ಹೋಗಿ ಆಳದ ಗೆರೆ ಬಿದ್ದರೆ ಚಿಕ್ಕವುಗಳ ಹೊಟ್ಟೆ ನಡುವಿನ ದಿಬ್ಬಕ್ಕೆ ತಾಗಿ ನಾಲ್ಕೂ ಚಕ್ರ ಗಾಳಿಯಲ್ಲಿ ಸುತ್ತುತ್ತವೆ.

ಹಂತ 7: ಪೆಟ್ಟು, ಹಾವು, ಆನೆ

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎರಡು: ಒಂದು ಮುಂದಿನ ಗಾಡಿಯಲ್ಲಿ, ಒಂದು ಕೊನೆಯದರಲ್ಲಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ದಾಸ್ತಾನು ಇದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಅಲುಗದಂತೆ ಮಲಗಿಸಿ ಹೊರಡುವುದೊಂದೇ ಕೆಲಸ. 108, 112 ಎಲ್ಲರಿಗೂ ಗೊತ್ತು, ಆದರೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿರುವುದಿಲ್ಲ. ದಾರಿ ನೋಡಲು ಹೋದ ದಿನ ಸಿಗ್ನಲ್ ಸಿಗುವ ತಿರುವುಗಳನ್ನು ನಕ್ಷೆಯಲ್ಲಿ ಗುರುತಿಸಿ. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು ಸಾಕು.

ಸಕಲೇಶಪುರ, ಆಲೂರು, ಸೋಮವಾರಪೇಟೆ ಕಡೆ ಆನೆ ತೋಟದೊಳಗೇ ಇರುತ್ತದೆ. ಅರಣ್ಯ ಇಲಾಖೆಯವರಿಂದಲೂ ತೋಟದ ಆಳುಗಳಿಂದಲೂ ಬೆಳಗ್ಗೆ ವಿಚಾರಿಸದೆ ಗೇಟು ದಾಟಬೇಡಿ. ಆನೆ ಇದೆ ಎಂದರೆ ಅವತ್ತಿನ ಡ್ರೈವ್ ರದ್ದು, ಚರ್ಚೆಯೇ ಇಲ್ಲ. ಎಂಟು ಗಾಡಿಯ ಸದ್ದಿಗೆ ಹೆದರಿದ ಆನೆ ಪಕ್ಕದಲ್ಲಿ ಆಳುಗಳು ವಾಸಿಸುವ ಲೈನ್ ಮನೆಗಳ ಕಡೆ ನುಗ್ಗಬಹುದು. ಮಧ್ಯಾಹ್ನ ನಾಲ್ಕಕ್ಕೆ ಎಲ್ಲ ಗಾಡಿ ಹೊರಗಿರಬೇಕು.

ಸ್ಪರ್ಧೆ ನಡೆಸುವ ಆಸೆ

ಗೋವಾದ ರೇನ್‌ಫಾರೆಸ್ಟ್ ಚಾಲೆಂಜ್ ನೋಡಿಬಂದವರಿಗೆ ನಮ್ಮೂರಲ್ಲೂ ಒಂದು ಮಾಡೋಣ ಅನಿಸುತ್ತದೆ. ಮೊದಲ ಎರಡು ವರ್ಷ ಬೇಡ. ಸಮಯ ಅಳೆದು ಬಹುಮಾನ ಕೊಟ್ಟ ಕೂಡಲೇ ಅದು ಮೋಟಾರ್ ಕ್ರೀಡೆಯಾಗುತ್ತದೆ, ಅದಕ್ಕೆ ಫೆಡರೇಶನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಅನುಮತಿ, ಅವರ ಸುರಕ್ಷಾ ನಿಯಮ, ರೋಲ್ ಕೇಜ್, ಹೆಲ್ಮೆಟ್, ಪ್ರತ್ಯೇಕ ವಿಮೆ ಎಲ್ಲ ಬೇಕು. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ನಡೆಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಶಿಕ್ಷೆ.

ಮಳೆಗಾಲದ ನೆರವು

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಕೊಚ್ಚಿಹೋದಾಗ ಎಷ್ಟೋ ಊರುಗಳು ಹೊರಗಿನ ಸಂಪರ್ಕ ಕಳೆದುಕೊಂಡವು. ಅಂಥ ಹೊತ್ತಿನಲ್ಲಿ ಫೋರ್ ಬೈ ಫೋರ್ ಮತ್ತು ಅದನ್ನು ಓಡಿಸಬಲ್ಲ ಕೈ ಎರಡೂ ಬೇಕಾಗುತ್ತವೆ. ಆದರೆ ಸುದ್ದಿ ಕೇಳಿ ತಾವಾಗಿಯೇ ಹೊರಟ ಗಾಡಿಗಳು ಕಿರಿದಾದ ಘಾಟಿ ದಾರಿಯಲ್ಲಿ ಜೆಸಿಬಿ, ಆಂಬುಲೆನ್ಸ್‌ಗೆ ಅಡ್ಡವಾಗುತ್ತವೆ. ಮೇ ತಿಂಗಳಲ್ಲೇ ತಹಸೀಲ್ದಾರರ ಕಚೇರಿಗೆ ಹೋಗಿ, ಗಾಡಿ, ಚಾಲಕರು, ವಿಂಚ್, ಮರ ಕುಯ್ಯುವ ಯಂತ್ರ, ವಾಕಿಟಾಕಿ ಇರುವವರ ಪಟ್ಟಿ ಕೊಟ್ಟು, ಕರೆದಾಗ ಬರುತ್ತೇವೆ ಎಂದು ಹೇಳಿ. ಕರೆಯದಿದ್ದರೆ ಮನೆಯಲ್ಲಿರಿ. ಕರೆ ಬಂದ ದಿನ ನೀವು ಮಾಡುವ ಕೆಲಸ ಬಹುಶಃ ಔಷಧ ಸಾಗಿಸುವುದು, ಮುದುಕರನ್ನು ಇಳಿಸಿಕೊಂಡು ಬರುವುದು. ಕ್ಯಾಮೆರಾಗೆ ಅಲ್ಲಿ ಕೆಲಸವಿಲ್ಲ.

ಮೊದಲ ವರ್ಷ ಮುಗಿಯುವ ಹೊತ್ತಿಗೆ

ಹೊಸ ಸದಸ್ಯರಿಗೆ ವರ್ಷಕ್ಕೆರಡು ಸಲ ಬರಿ ಕಲಿಕೆಯ ದಿನ ಇಡಿ: ಲೋ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಜಾರು ಇಳಿಯುವುದು, ಹತ್ತುವಾಗ ನಿಂತರೆ ರಿವರ್ಸ್‌ನಲ್ಲಿ ನೇರ ಹಿಂದೆ ಬರುವುದು, ಹೊರಗೆ ನಿಂತವರ ಕೈಸನ್ನೆ ನಂಬಿ ಚಕ್ರ ಇಡುವುದು. ಹೆಂಗಸರಿಗೆ ಸ್ಟಿಯರಿಂಗ್ ಕೊಡಿ. ತೋಟದ ಮನೆಗಳಲ್ಲಿ ಜೀಪು ಓಡಿಸುವ ಹೆಂಗಸರು ಮೊದಲಿಂದಲೂ ಇದ್ದಾರೆ, ಅವರನ್ನು ತಿಂಡಿ ಬಡಿಸಲು ಮಾತ್ರ ಕರೆಯುವ ಕ್ಲಬ್ಬು ಅರ್ಧ ಕ್ಲಬ್ಬು. ರೀಲ್ಸ್ ಹಾಕುವವರು ತೋಟದ ಹೆಸರು, ಜಾಗದ ಗುರುತು ಹಾಕದಿರಲಿ. ಇಲ್ಲದಿದ್ದರೆ ಮುಂದಿನ ಶನಿವಾರ ಗೊತ್ತುಗುರಿಯಿಲ್ಲದ ಹತ್ತು ಗಾಡಿ ಅದೇ ಗೇಟಿನ ಮುಂದೆ ನಿಲ್ಲುತ್ತವೆ, ಅವರ ಗಲಾಟೆಗೆ ನೀವು ಉತ್ತರ ಹೇಳಬೇಕಾಗುತ್ತದೆ.

ವಾರ್ಷಿಕ ಸಭೆಗೆ ಜಾಗ ಕೊಟ್ಟ ಬೆಳೆಗಾರರನ್ನೂ ರೈಟರ್‌ಗಳನ್ನೂ ಕರೆಯಿರಿ. ಲೆಕ್ಕ ಓದುವ ಮುಂಚೆ ಅವರ ದೂರು ಕೇಳಿ, ಏನೇನು ಸರಿಮಾಡಿದ್ದೀರಿ, ಏನು ಬಾಕಿ ಎಂದು ನಡಾವಳಿಯಲ್ಲಿ ಬರೆಯಿರಿ. ಅಧ್ಯಕ್ಷರ ಅವಧಿ ಎರಡು ವರ್ಷಕ್ಕೆ ಮುಗಿಯಲಿ. ಕಾರ್ಯದರ್ಶಿ ಬದಲಾಗುವಾಗ ಅನುಮತಿ ಪತ್ರಗಳ ಕಡತ, ದಾರಿಗಳ ಮುಂಚಿನ ಮತ್ತು ನಂತರದ ಫೋಟೊ, ಹಗ್ಗ ಶ್ಯಾಕಲ್‌ಗಳ ಪಟ್ಟಿ, ಬ್ಯಾಂಕ್ ಪುಸ್ತಕ ಎಲ್ಲವನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸಬೇಕು. ಹಗ್ಗಗಳನ್ನು ಆ ದಿನವೇ ಬಿಚ್ಚಿ ನೋಡಿ, ಎಳೆ ಹರಿದದ್ದನ್ನು ತುಂಡರಿಸಿ ಹಾಕಿ. ಇಲ್ಲದಿದ್ದರೆ ಯಾರಾದರೂ ಅದನ್ನು ಮತ್ತೆ ಬಳಸುತ್ತಾರೆ.